ಬೆಳಕು ತಾಗಿದರೆ ಬಿಸಿಯಾಗಬೇಕಲ್ಲ ಟೀಚರ್, ತಂಪಾಗುವುದು ಹೇಗೆ?

ಗಡಿನಾಡ_ಟೀಚರ್
ಬದಿಯಡ್ಕದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ಭೌತಶಾಸ್ತ್ರ ಹೇಳಿಕೊಡುವವಳು ನಾನು. ಕಳೆದ ವಾರ ವಿಜ್ಞಾನ ಕ್ಲಬ್ಬಿನಲ್ಲಿ ಘನ, ದ್ರವ, ಅನಿಲ, ಪ್ಲಾಸ್ಮಾ ಎಲ್ಲ ಆದ ಮೇಲೆ "ಐದನೆಯದೂ ಒಂದುಂಟು, ಬೋಸ್–ಐನ್‌ಸ್ಟೀನ್ ಸಾಂದ್ರೀಕರಣ ಅಂತ. ಅನಿಲಕ್ಕೆ ಲೇಸರ್ ಬಿಟ್ಟು ತಂಪು ಮಾಡಿ ಪಡೆಯುತ್ತಾರೆ" ಎಂದು ಹೇಳಿ ಪುಸ್ತಕ ಮುಚ್ಚುವವಳಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಬೆಳಕು ತಾಗಿದರೆ ಬಿಸಿಯಾಗಬೇಕಲ್ಲ ಟೀಚರ್? ಅಂಗಳದಲ್ಲಿ ಅಡಿಕೆ ಒಣಗುವುದು ಮತ್ತೆ ಹೇಗೆ? ಅಷ್ಟು ತಂಪಾದ ಮೇಲೆ ಅದು ಮಂಜುಗಡ್ಡೆ ಆಗುವುದಿಲ್ಲವಾ? ಅದನ್ನು ಯಾವ ಫ್ರಿಜ್ಜಿನಲ್ಲಿ ಇಡುತ್ತಾರೆ?"

ಮೂರಕ್ಕೂ ನನ್ನ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಆಗಿ ಆರು ದಿನ ಆಯಿತು. ಗೊತ್ತಿದ್ದವರು ದಯವಿಟ್ಟು ಕನ್ನಡದಲ್ಲಿ ಹೇಳಿ. ಇಂಗ್ಲಿಷಿನಲ್ಲಿ ಓದಿದ್ದೇನೆ, ಓದುವಾಗ ಅರ್ಥ ಆದ ಹಾಗೆ ಆಗುತ್ತದೆ, ಮಕ್ಕಳ ಎದುರು ನಿಂತಾಗ ಬಾಯಿ ಕಟ್ಟುತ್ತದೆ.

ಸುರಂಗದ_ಮನೆ
ಹುಡುಗಿ ಅಡಿಕೆಯ ವಿಷಯ ಎತ್ತಿದ್ದು ಸರಿ ಮಾಡಿದಳು. ನಾನು ಪೆರ್ಲದ ಆಚೆ ಗುಡ್ಡದ ಬುಡದಲ್ಲಿ ತೋಟ ಮಾಡಿಕೊಂಡಿರುವವ. ವಿಜ್ಞಾನ ಗೊತ್ತಿಲ್ಲ, ಆದರೆ ಓದುತ್ತಾ ಇರ್ತೇನೆ. ಇದರಿಂದ ಅಡಿಕೆಗೆ ರೇಟು ಬರ್ತದೆಯಾ ಅಂತ ಕೊನೆಗೆ ಕೇಳುವ ಹಕ್ಕು ಕಾದಿರಿಸಿದ್ದೇನೆ.

ಪ್ಲಸ್‌ಟು_ಪಾಸ್
ಬೋಸ್ ಅಂದರೆ ಗಿಡಗಳಿಗೆ ಜೀವ ಉಂಟು ಅಂತ ತೋರಿಸಿದವರಲ್ವಾ?

ಪಿಂಚಣಿ_ಪೋಸ್ಟ್‌ಮಾಸ್ಟರ್
ಅದು ಜಗದೀಶ್ ಚಂದ್ರ ಬೋಸ್, ಮಗಾ. ಇದು ಸತ್ಯೇಂದ್ರನಾಥ ಬೋಸ್. ಸುಭಾಷರೂ ಅಲ್ಲ, ಮುಂದಿನ ಪ್ರಶ್ನೆ ಅದೇ ಬರಬಹುದು ಅಂತ ಮೊದಲೇ ಹೇಳಿಟ್ಟೆ.

ರುಬಿಡಿಯಂ_ರಾತ್ರಿಪಾಳಿ
ಟೀಚರ್, ನಮಸ್ಕಾರ. ನನ್ನ ಮನೆ ನೀರ್ಚಾಲಿನ ಹತ್ತಿರ. ಈಗ ಊರಿಂದ ದೂರದ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ, ಕೆಲಸ ಇದೇ. ಹೆಚ್ಚಾಗಿ ರಾತ್ರಿ. ಹಗಲು ಲಿಫ್ಟ್ ಓಡುತ್ತದೆ, ಜನ ಬಾಗಿಲು ಬಡಿಯುತ್ತಾರೆ, ನಮ್ಮ ಲೇಸರಿಗೆ ಅದೆಲ್ಲ ಆಗಿಬರುವುದಿಲ್ಲ.

ಮೊದಲ ಪ್ರಶ್ನೆಗೆ ಬರುತ್ತೇನೆ. ಅನಿಲದ ಬಿಸಿ ಎಂದರೆ ಅದರ ಪರಮಾಣುಗಳ ಓಡಾಟ, ಬೇರೆ ಎಂತದ್ದೂ ಇಲ್ಲ. ನಾವು ಬಳಸುವ ರುಬಿಡಿಯಂ ಪರಮಾಣು ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತದೆ. ಆ ಓಟ ಇಳಿಸಿದರೆ ತಂಪಾಯಿತು. ಓಡುವವನನ್ನು ನಿಲ್ಲಿಸಬೇಕಾದರೆ ಎದುರಿನಿಂದ ತಳ್ಳಬೇಕು. ಬೆಳಕಿಗೂ ತಳ್ಳುವ ಗುಣ ಉಂಟು, ಆದರೆ ಬಹಳ ಸಣ್ಣದು. ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಎದುರಿನಿಂದ ಬಡಿದರೆ ಆ ಪರಮಾಣುವಿನ ವೇಗ ಸೆಕೆಂಡಿಗೆ 6 ಮಿಲಿಮೀಟರಿನಷ್ಟು ಇಳಿಯುತ್ತದೆ. ಹಾಗಾದರೆ 300 ಮೀಟರ್ ಇಳಿಸಲು ಐವತ್ತು ಸಾವಿರ ಪೆಟ್ಟು ಬೇಕು. ಕೇಳಲು ಹೆಚ್ಚು, ಆದರೆ ಒಂದು ಪರಮಾಣು ಸೆಕೆಂಡಿಗೆ ಕೋಟಿ ಸಲ ಬೆಳಕನ್ನು ಹೀರಿ ಉಗುಳಬಲ್ಲುದು. ಕೆಲವು ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ.

ತೊಡಕು ಇರುವುದು ಬೇರೆ ಕಡೆ. ಎದುರಿನಿಂದ ಬರುವವನಿಗೆ ಮಾತ್ರ ಪೆಟ್ಟು ಬೀಳಬೇಕು. ಬೆನ್ನು ಹಾಕಿ ಓಡುವವನಿಗೆ ಹೊಡೆದರೆ ಅವನ ಓಟ ಹೆಚ್ಚುತ್ತದೆ. ಕುಂಬಳೆ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲು ನೆನಪಿಸಿಕೊಳ್ಳಿ. ಹತ್ತಿರ ಬರುವಾಗ ಸಿಳ್ಳೆಯ ಸ್ವರ ಮೇಲೆ, ದಾಟಿ ಹೋಗುವಾಗ ಕೆಳಗೆ. ಬೆಳಕಿನ ಸ್ವರವೂ (ಪುಸ್ತಕದ ಮಾತಿನಲ್ಲಿ ಆವೃತ್ತಿ) ಹಾಗೆಯೇ ಏರಿಳಿಯುತ್ತದೆ. ಪರಮಾಣು ತನಗೆ ಹೊಂದುವ ಒಂದೇ ಸ್ವರದ ಬೆಳಕನ್ನು ಮಾತ್ರ ಹಿಡಿಯುವುದು. ನಾವು ಲೇಸರನ್ನು ಆ ಸ್ವರಕ್ಕಿಂತ ಕೂದಲೆಳೆಯಷ್ಟು ಕೆಳಗೆ ಇಡುತ್ತೇವೆ. ಲೇಸರಿನ ಕಡೆಗೆ ಓಡುವ ಪರಮಾಣುವಿಗೆ ಅದು ಏರಿ, ಸರಿಯಾಗಿ ಕೇಳುತ್ತದೆ, ಪೆಟ್ಟು ತಿನ್ನುತ್ತದೆ. ಬೆನ್ನು ಹಾಕಿದವನಿಗೆ ಇನ್ನೂ ಕೆಳಗೆ ಕೇಳುತ್ತದೆ, ಅವನಿಗೆ ಬಾಧೆ ಇಲ್ಲ. ಹಿಂದೆ ಮುಂದೆ, ಎಡ ಬಲ, ಮೇಲೆ ಕೆಳಗೆ ಆರು ಕಡೆಯಿಂದ ಹೀಗೆ ಬಿಟ್ಟರೆ ಯಾವ ಕಡೆ ಓಡಿದರೂ ಎದುರಿಗೆ ಒಂದು ಲೇಸರ್.

ಅಂಗಳದ ಬಿಸಿಲಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ. ಅಡಿಕೆ ಎಲ್ಲ ಸ್ವರದ ಬೆಳಕನ್ನೂ ಹೀರಿ ಒಳಗೇ ಇಟ್ಟುಕೊಳ್ಳುತ್ತದೆ. ಈ ಪರಮಾಣು ಒಂದೇ ಸ್ವರ ಹೀರುತ್ತದೆ, ಹೀರಿದ್ದನ್ನು ಕೂಡಲೇ ಹೊರಗೆ ಕಳಿಸುತ್ತದೆ.

ಕಂಪ್ರೆಸರ್_ಅಣ್ಣ
ಉಪ್ಪಳದಲ್ಲಿ ನನಗೆ ಎ.ಸಿ., ಫ್ರಿಜ್ಜು ರಿಪೇರಿ ಕೆಲಸ, ಇಪ್ಪತ್ತೆರಡು ವರ್ಷ ಆಯಿತು. ನಮ್ಮ ಕಸುಬಿನಲ್ಲಿ ಒಂದೇ ಮಾತು: ತಂಪು ಅಂತ ಒಂದು ವಸ್ತು ಇಲ್ಲ. ಒಳಗಿನ ಬಿಸಿಯನ್ನು ಹೊರಗೆ ಹೊತ್ತು ಹಾಕುವುದು ಮಾತ್ರ. ಔಟ್‌ಡೋರ್ ಯೂನಿಟ್ಟಿನ ಎದುರು ಕೈ ಹಿಡಿದರೆ ಗೊತ್ತಾಗ್ತದೆ. ನಿಮ್ಮ ಈ ಲೇಸರ್ ಫ್ರಿಜ್ಜಿನ ಔಟ್‌ಡೋರ್ ಯೂನಿಟ್ ಎಲ್ಲಿ ಉಂಟು ತಮ್ಮಾ? ಬಿಸಿ ಎಲ್ಲಿಗೆ ಹೋಯಿತು?

ರುಬಿಡಿಯಂ_ರಾತ್ರಿಪಾಳಿ
ಅಣ್ಣಾ, ಇದನ್ನು ನಮ್ಮ ವೈವಾದಲ್ಲಿ ಕೇಳಿದ್ದರೆ ಅರ್ಧ ಜನ ತಡವರಿಸುತ್ತಿದ್ದರು. ಬಿಸಿ ಹೋಗುವುದು ಆ ಉಗುಳಿದ ಬೆಳಕಿನ ಜೊತೆ. ಒಳಗೆ ಬಂದ ಫೋಟಾನ್ ಸ್ವಲ್ಪ ಕೆಳಗಿನ ಸ್ವರದ್ದು, ಅಂದರೆ ಶಕ್ತಿ ತುಸು ಕಡಿಮೆ. ಹೊರಗೆ ಹೋಗುವ ಫೋಟಾನಿನ ಶಕ್ತಿ ಸರಾಸರಿಯಲ್ಲಿ ಅದಕ್ಕಿಂತ ತುಸು ಹೆಚ್ಚು. ಆ ವ್ಯತ್ಯಾಸ ತುಂಬಿಕೊಟ್ಟದ್ದು ಪರಮಾಣುವಿನ ಓಟ. ಲೇಸರ್ ಬರುವಾಗ ಒಂದೇ ಸಾಲಿನಲ್ಲಿ ಶಿಸ್ತಾಗಿ ಬರುತ್ತದೆ, ಹೋಗುವಾಗ ಎಲ್ಲ ದಿಕ್ಕಿಗೆ ಚೆಲ್ಲಾಪಿಲ್ಲಿ. ಅನಿಲದ ಗಲಿಬಿಲಿಯನ್ನೆಲ್ಲ ಬೆಳಕು ಹೊತ್ತುಕೊಂಡು ಹೋಯಿತು. ಪ್ರಯೋಗಾಲಯದ ಗೋಡೆಯೇ ನಮ್ಮ ಔಟ್‌ಡೋರ್ ಯೂನಿಟ್ ಅನ್ನಿ.

ಫ್ರಿಜ್ಜಿನ ಪ್ರಶ್ನೆಯನ್ನೂ ಇಲ್ಲೇ ಮುಗಿಸುತ್ತೇನೆ. ಫ್ರಿಜ್ಜು ಇಲ್ಲ! ದ್ರವ ಹೀಲಿಯಂ, ಹಿಮ, ಹೊಗೆ ಏನೂ ಇಲ್ಲ. ಅಂಗೈ ಅಗಲದ ಗಾಜಿನ ಪೆಟ್ಟಿಗೆ, ಹೊರಗಿನಿಂದ ಮುಟ್ಟಿದರೆ ಮೇಜಿನಷ್ಟೇ ಬೆಚ್ಚಗೆ. ಬೆರಳಿನಿಂದ ಎರಡು ಮೂರು ಸೆಂಟಿಮೀಟರ್ ಆಚೆ, ನಿರ್ವಾತದ ನಡುವೆ ತೇಲುತ್ತಾ, ಪರಮ ಶೂನ್ಯಕ್ಕಿಂತ (−273.15 ಡಿಗ್ರಿ ಸೆಲ್ಸಿಯಸ್) ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲು ಮೇಲಿರುವ ಅನಿಲ. ಗೋಡೆಯ ಶಾಖ ಅದನ್ನು ಬಿಸಿ ಮಾಡುವುದಿಲ್ಲ ಯಾಕೆಂದರೆ ಗೋಡೆ ಸೂಸುವ ಶಾಖದ ಕಿರಣದಲ್ಲಿ ರುಬಿಡಿಯಮ್ಮಿಗೆ ಬೇಕಾದ ಸ್ವರ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಶತ್ರು ಒಳಗೆ ಉಳಿದುಹೋದ ಗಾಳಿಯ ಕಣಗಳು, ಮುಖ್ಯವಾಗಿ ಒಳಗಿನ ಗೋಡೆಗೆ ಅಂಟಿಕೊಂಡ ನೀರಿನ ಅಂಶ. ಅದನ್ನು ಓಡಿಸಲು ಇಡೀ ಪೆಟ್ಟಿಗೆಯನ್ನು ದಿನಗಟ್ಟಲೆ ಬಿಸಿಯಲ್ಲಿ ಬೇಯಿಸುತ್ತೇವೆ, ಪಂಪು ಓಡುತ್ತಾ ಇರುತ್ತದೆ. ಜಗತ್ತಿನ ಅತಿ ತಂಪಾದ ವಸ್ತು ಮಾಡುವವರು ಮೊದಲು ಮಾಡುವ ಕೆಲಸ ಬೇಯಿಸುವುದು. ಅಡಿಕೆ ಒಣಗಿಸುವ ಮನೆಯಲ್ಲಿ ಹುಟ್ಟಿದವನಿಗೆ ಅದೊಂದು ಸುಲಭವಾಗಿ ತಲೆಗೆ ಹೋಯಿತು.

ಅಂದ ಹಾಗೆ, ನಿಮ್ಮ ಎ.ಸಿ. ನಮಗೆ ಬೇಕೇ ಬೇಕು. ಕೋಣೆಯ ಉಷ್ಣತೆ ಒಂದು ಡಿಗ್ರಿ ಆಚೀಚೆ ಆದರೆ ಕನ್ನಡಿಗಳು ಎಳ್ಳಷ್ಟು ವಾಲಿ ಲೇಸರ್ ದಾರಿ ತಪ್ಪುತ್ತದೆ. ಒಮ್ಮೆ ಎ.ಸಿ. ಕೆಟ್ಟು ಎರಡು ವಾರ ಸುಮ್ಮನೆ ಕೂತಿದ್ದೆವು. ರಿಪೇರಿಗೆ ಬಂದವರು "ಇಲ್ಲಿ ಎಂತ ಮಾಡುವುದು ನೀವು?" ಅಂತ ಕೇಳಿದರು. "ತಂಪು ಮಾಡುವುದು" ಅಂದೆ. ಅವರು ನನ್ನ ಮುಖ ನೋಡಿದ್ದು ಇನ್ನೂ ನೆನಪುಂಟು.

ಕಂಪ್ರೆಸರ್_ಅಣ್ಣ
😂 ಬೆಳಕೇ ಗ್ಯಾಸು, ಗೋಡೆಯೇ ಔಟ್‌ಡೋರ್. ಸರಿ, ಒಪ್ಪಿದೆ.

ಸುರಂಗದ_ಮನೆ
ಅಲ್ಲ ಮಾರಾಯ್ರೆ, ಅಷ್ಟು ತಂಪು ಅಂತ ಹೇಳ್ತೀರಿ, ಅಳೆಯುವುದು ಹೇಗೆ? ಥರ್ಮಾಮೀಟರ್ ಒಳಗೆ ಇಟ್ಟರೆ ಆ ಥರ್ಮಾಮೀಟರೇ ಒಲೆಯ ಹಾಗೆ ಆಗುವುದಿಲ್ಲವಾ?

ರುಬಿಡಿಯಂ_ರಾತ್ರಿಪಾಳಿ
ಆಗುತ್ತದೆ, ಅದಕ್ಕೇ ಇಡುವುದಿಲ್ಲ. ಅನಿಲವನ್ನು ಹಿಡಿದಿಟ್ಟ ಅಯಸ್ಕಾಂತ ಕ್ಷೇತ್ರವನ್ನು ಫಕ್ಕನೆ ತೆಗೆಯುತ್ತೇವೆ. ಅನಿಲ ಹರಡುತ್ತದೆ. 20 ಮಿಲಿಸೆಕೆಂಡ್ ಕಾದು ಅದರ ಮೇಲೆ ಬೆಳಕು ಬಿಟ್ಟು ನೆರಳಿನ ಫೋಟೋ ತೆಗೆದರೆ ಎಷ್ಟು ಹರಡಿತು ಅಂತ ಗೊತ್ತಾಗುತ್ತದೆ, ಅದರಿಂದ ವೇಗ, ವೇಗದಿಂದ ಉಷ್ಣತೆ. ಫೋಟೋ ತೆಗೆದದ್ದೇ ಅನಿಲ ಹಾಳು. ಮತ್ತೆ ಮೊದಲಿನಿಂದ. ಒಂದು ಸುತ್ತಿಗೆ ಅರ್ಧ ನಿಮಿಷ ಅಂತ ಇಟ್ಟುಕೊಳ್ಳಿ, ರಾತ್ರಿಗೆ ಸಾವಿರ ನೆರಳು.

ಗಡಿನಾಡ_ಟೀಚರ್
ತುಂಬಾ ಉಪಕಾರ ಆಯಿತು. ಈಗ ಮಂಜುಗಡ್ಡೆಯ ಪ್ರಶ್ನೆ. ಲೇಸರಿನಿಂದಲೇ ಆ ಐದನೇ ಸ್ಥಿತಿ ಬರುತ್ತದೆಯಾ?

ರುಬಿಡಿಯಂ_ರಾತ್ರಿಪಾಳಿ
ಬರುವುದಿಲ್ಲ. ಅರ್ಧ ದಾರಿ ಮಾತ್ರ. ಸ್ಟೀವನ್ ಚು ಅವರ ತಂಡ 1985ರಲ್ಲಿ ಸೋಡಿಯಂ ಪರಮಾಣುಗಳನ್ನು ಆರು ಲೇಸರಿನ ನಡುವೆ ಸಿಕ್ಕಿಸಿತು. ಪರಮಾಣುಗಳು ಜೋನಿಬೆಲ್ಲದಲ್ಲಿ ಬಿದ್ದ ಇರುವೆಯ ಹಾಗೆ ತೆವಳುತ್ತಿದ್ದವು, ಅದಕ್ಕೆ ಅವರು ಇಟ್ಟ ಹೆಸರೂ ಹೆಚ್ಚುಕಡಿಮೆ ಬೆಳಕಿನ ಜೋನಿಬೆಲ್ಲ ಎಂದೇ. ಆಗಿನ ಸಿದ್ಧಾಂತದ ಲೆಕ್ಕದಲ್ಲಿ ಸೋಡಿಯಂ 240 ಮೈಕ್ರೋಕೆಲ್ವಿನ್‌ಗಿಂತ ಕೆಳಗೆ ಇಳಿಯಬಾರದಿತ್ತು (ಕೆಲ್ವಿನ್ ಅಂದರೆ ಪರಮ ಶೂನ್ಯದಿಂದ ಎಣಿಸುವ ಡಿಗ್ರಿ, ಮೈಕ್ರೋ ಅಂದರೆ ಅದರ ಹತ್ತು ಲಕ್ಷದಲ್ಲೊಂದು ಪಾಲು). 1988ರಲ್ಲಿ ವಿಲಿಯಂ ಫಿಲಿಪ್ಸ್ ಅಳೆದು ನೋಡಿದರೆ 40! ಪ್ರಯೋಗ ಸಿದ್ಧಾಂತಕ್ಕಿಂತ ಕೆಟ್ಟದಾಗಿ ಬರುವುದು ನಮ್ಮ ದಿನನಿತ್ಯದ ಪಾಡು. ಹೀಗೆ ಸಿದ್ಧಾಂತಕ್ಕಿಂತ ಚೆನ್ನಾಗಿ ಬಂದದ್ದು ಅಪರೂಪ. ಯಾಕೆ ಹೀಗೆ ಅಂತ ಕ್ಲೋಡ್ ಕೊಹೆನ್–ತನ್ನೂಜಿ ಮತ್ತು ಚು ಅವರ ಕಡೆಯವರು ಬೇರೆ ಬೇರೆಯಾಗಿ ಬಿಡಿಸಿ ಹೇಳಿದರು. ಮೂವರಿಗೂ 1997ರ ನೊಬೆಲ್ ಬಂತು.

ಇಷ್ಟಾದರೂ ಸಾಲದು. ಮುಂದಿನದ್ದು ಗಂಜಿ ಆರಿಸುವ ಕೆಲಸ. ಬಿಸಿ ಗಂಜಿಯಿಂದ ಹಬೆಯಾಗಿ ಎದ್ದು ಹೋಗುವುದು ಅತಿ ಚುರುಕಿನ ಕಣಗಳು. ಅವು ತಮ್ಮ ಪಾಲಿಗಿಂತ ಹೆಚ್ಚು ಶಕ್ತಿ ಹೊತ್ತುಕೊಂಡು ಹೋಗುತ್ತವೆ, ಉಳಿದದ್ದು ಆರುತ್ತದೆ. ನಾವು ಪರಮಾಣುಗಳನ್ನು ಅಯಸ್ಕಾಂತದ ಬೋಗುಣಿಯಲ್ಲಿ ಹಿಡಿದು, ಲೇಸರನ್ನು ಪೂರ್ತಿ ಆರಿಸಿ, ರೇಡಿಯೋ ಅಲೆಯಿಂದ ಬೋಗುಣಿಯ ಅಂಚನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತಾ ಬರುತ್ತೇವೆ. ಎತ್ತರ ಹಾರುವವು ಹೊರಗೆ ಬೀಳುತ್ತವೆ, ಉಳಿದವು ಒಂದಕ್ಕೊಂದು ಡಿಕ್ಕಿ ಹೊಡೆದು ಸಮ ಆಗುತ್ತವೆ, ಅಂಚು ಇನ್ನೊಂದಿಷ್ಟು ತಗ್ಗುತ್ತದೆ. ನೂರು ಕೋಟಿ ಪರಮಾಣುವಿನಿಂದ ಶುರು ಮಾಡಿದರೆ ಕೊನೆಗೆ ಕೆಲವು ಲಕ್ಷ ಉಳಿದರೆ ಖುಷಿ.

ಸುರಂಗದ_ಮನೆ
ಕೊಳೆರೋಗ ಬಂದ ವರ್ಷದ ತೋಟ ಇದಕ್ಕಿಂತ ವಾಸಿ.

ರುಬಿಡಿಯಂ_ರಾತ್ರಿಪಾಳಿ
ಹೌದು ಭಾವ 😄 ಆದರೆ ಉಳಿದದ್ದಕ್ಕೆ ಬೆಲೆ ಉಂಟು, ಕೇಳಿ.

ಪ್ರತಿ ಪರಮಾಣುವಿಗೂ ಒಂದು ಅಲೆಯ ಗುಣ ಇರುತ್ತದೆ. ನಿಧಾನ ಆದಷ್ಟು ಅಲೆ ಉದ್ದ. ಕೋಣೆಯ ಉಷ್ಣತೆಯಲ್ಲಿ ರುಬಿಡಿಯಮ್ಮಿನ ಅಲೆಯ ಉದ್ದ ಪರಮಾಣುವಿನ ಗಾತ್ರಕ್ಕಿಂತಲೂ ಎಷ್ಟೋ ಕಡಿಮೆ, ಆದ್ದರಿಂದ ಅದು ಗೋಲಿಯ ಹಾಗೆ ನಡೆದುಕೊಳ್ಳುತ್ತದೆ. 100 ನ್ಯಾನೋಕೆಲ್ವಿನ್‌ಗೆ (ನ್ಯಾನೋ ಅಂದರೆ ಮೈಕ್ರೋದ ಸಾವಿರದಲ್ಲೊಂದು ಪಾಲು) ಬಂದಾಗ ವೇಗ ಸೆಕೆಂಡಿಗೆ 5 ಮಿಲಿಮೀಟರಿನಷ್ಟು, ಅಲೆಯ ಉದ್ದ ಅರ್ಧ ಮೈಕ್ರಾನಿಗೂ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮೇಲೆ. ಅಂದರೆ ಪಕ್ಕದ ಪರಮಾಣುವಿನವರೆಗೆ ಮುಟ್ಟುತ್ತದೆ. ಅಲ್ಲಿಗೆ "ಇದು ಯಾವ ಪರಮಾಣು, ಅದು ಯಾವುದು" ಎಂಬ ಪ್ರಶ್ನೆಗೇ ಅರ್ಥ ಉಳಿಯುವುದಿಲ್ಲ. ಆ ಹಂತ ದಾಟಿದ ಕೂಡಲೇ ದೊಡ್ಡ ಪಾಲು ಪರಮಾಣುಗಳು ಅತ್ಯಂತ ಕೆಳಗಿನ ಒಂದೇ ಸ್ಥಿತಿಗೆ ಬಂದು ಸೇರುತ್ತವೆ. ಲಕ್ಷ ಪರಮಾಣುಗಳಿಗೆ ಒಂದೇ ಅಲೆ.

1995ರ ಜೂನ್ 5ರಂದು ಅಮೆರಿಕದ ಬೌಲ್ಡರ್‌ನಲ್ಲಿ ಎರಿಕ್ ಕಾರ್ನೆಲ್, ಕಾರ್ಲ್ ವೀಮನ್ ಅವರ ತಂಡಕ್ಕೆ ಇದು ಮೊದಲು ಕಂಡಿತು: ಸುಮಾರು 170 ನ್ಯಾನೋಕೆಲ್ವಿನ್, ಎರಡು ಸಾವಿರದಷ್ಟು ರುಬಿಡಿಯಂ ಪರಮಾಣು. ಕೆಲವೇ ತಿಂಗಳಲ್ಲಿ ಎಂಐಟಿಯ ವೋಲ್ಫ್‌ಗ್ಯಾಂಗ್ ಕೆಟರ್ಲಿ ಸೋಡಿಯಮ್ಮಿನಲ್ಲಿ ಅದಕ್ಕಿಂತ ನೂರಾರು ಪಟ್ಟು ದೊಡ್ಡದನ್ನು ಮಾಡಿದರು. 2001ರ ನೊಬೆಲ್ ಮೂವರಿಗೂ.

ಗಡಿನಾಡ_ಟೀಚರ್
"ಯಕ್ಷಗಾನದ ಹಿಮ್ಮೇಳ ಒಂದೇ ತಾಳಕ್ಕೆ ಬಂದ ಹಾಗೆ" ಅಂತ ಮಕ್ಕಳಿಗೆ ಹೇಳಬಹುದಾ? ನಮ್ಮದು ಪಾರ್ತಿಸುಬ್ಬನ ನಾಡು, ಚೆಂಡೆ ಅಂದರೆ ಅವರಿಗೆ ಕೂಡಲೇ ಹಿಡಿಯುತ್ತದೆ.

ರುಬಿಡಿಯಂ_ರಾತ್ರಿಪಾಳಿ
ಹೇಳಿ, ಆದರೆ ಅರ್ಧಕ್ಕೆ ನಿಲ್ಲಿಸಿ. ಹಿಮ್ಮೇಳದಲ್ಲಿ ಚೆಂಡೆಯವರು ಬೇರೆ, ಮದ್ದಳೆಯವರು ಬೇರೆ, ಎಷ್ಟು ಹೊಂದಿ ಬಾರಿಸಿದರೂ ಜನ ಎರಡು. ಇಲ್ಲಿ ಆ ಬೇರೆತನವೇ ಇಲ್ಲ. ನನಗೆ ಇದಕ್ಕಿಂತ ಕೆರೆ ಇಷ್ಟ. ಎರಡು ಕಡೆ ಕಲ್ಲು ಹಾಕಿದರೆ ಅಲೆಗಳು ಸೇರಿ ಕೆಲವು ಕಡೆ ನೀರು ಏಳುತ್ತದೆ, ಕೆಲವು ಕಡೆ ಅಲ್ಲಾಡುವುದೇ ಇಲ್ಲ. 1997ರಲ್ಲಿ ಕೆಟರ್ಲಿಯವರ ತಂಡ ಎರಡು ಸಾಂದ್ರೀಕರಣಗಳನ್ನು ಒಂದರ ಮೇಲೊಂದು ಹರಡಲು ಬಿಟ್ಟಿತು. ಫೋಟೋದಲ್ಲಿ ಪಟ್ಟೆ ಪಟ್ಟೆ. ಕಪ್ಪು ಪಟ್ಟೆ ಒಂದು, ಖಾಲಿ ಪಟ್ಟೆ ಒಂದು. ಖಾಲಿ ಪಟ್ಟೆ ಇರುವಲ್ಲಿ ಎರಡೂ ಕಡೆಯಿಂದ ಪರಮಾಣು ಬಂದಿತ್ತು, ಕೂಡಿದರೆ ಸೊನ್ನೆ. ನಾನು ಈ ವಿಷಯ ಹಿಡಿದದ್ದೇ ಆ ಚಿತ್ರ ನೋಡಿ.

ಮಂಜೇಶ್ವರದ_ಪದಕೋಶ
ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನಗೆ ಭೌತಶಾಸ್ತ್ರ ಅಷ್ಟಕ್ಕಷ್ಟೆ, ಪದ ಮುಖ್ಯ. "ಸಾಂದ್ರೀಕರಣ" ಎಂದರೆ ಹಬೆ ನೀರಾಗುವುದು ಎಂದು ಮಕ್ಕಳು ಏಳನೇ ಕ್ಲಾಸಿನಿಂದ ಓದಿರುತ್ತಾರೆ. ಇನ್ನೊಂದು ಪುಸ್ತಕದಲ್ಲಿ "ಘನೀಕರಣ" ಎಂದೂ ನೋಡಿದ್ದೇನೆ. ಮತ್ತೆ ಆ ಹುಡುಗಿ ಮಂಜುಗಡ್ಡೆ ಎಂದು ಕೇಳದೆ ಇನ್ನೇನು ಕೇಳಬೇಕು? ಪದವೇ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಯಿತು. ಇಲ್ಲಿ ನಿಜವಾಗಿ ಸಾಂದ್ರ ಆಗುವುದು ಏನು?

ರುಬಿಡಿಯಂ_ರಾತ್ರಿಪಾಳಿ
ಪದಕೋಶದವರು ಗಾಯಕ್ಕೇ ಕೈ ಇಟ್ಟರು. ಘನೀಕರಣ ಎನ್ನುವುದು ಶುದ್ಧ ತಪ್ಪು. ಈ ವಸ್ತು ನಾವು ಉಸಿರಾಡುವ ಗಾಳಿಗಿಂತ ಲಕ್ಷ ಪಟ್ಟು ತೆಳು. ಕೈಗೆ ಸಿಕ್ಕುವ ದ್ರವ್ಯವೇ ಅಲ್ಲ. "ಗಡ್ಡೆ ಕಟ್ಟುವುದು" ಎಂದು ಯಾರಿಗೂ ಅನಿಸಬಾರದು.

ಹಾಗಾದರೆ ಐನ್‌ಸ್ಟೀನ್ ಆ ಅರ್ಥದ ಪದ ಯಾಕೆ ಬಳಸಿದರು? ತುಂಬಿದ ಹಬೆಯನ್ನು ಇನ್ನೂ ಒತ್ತಿದರೆ ಹೆಚ್ಚುವರಿ ಪಾಲು ನೀರಾಗಿ ಕೆಳಗೆ ಇಳಿಯುತ್ತದೆ, ಉಳಿದದ್ದು ಹಬೆಯಾಗಿಯೇ ಇರುತ್ತದೆ. ಅದೇ ರೀತಿ ಇಲ್ಲಿಯೂ ಹೆಚ್ಚುವರಿ ಪಾಲು ಕೆಳಗಿನ ಸ್ಥಿತಿಗೆ ಇಳಿಯುತ್ತದೆ, ಉಳಿದ ಅನಿಲ ಹಾಗೆಯೇ ಇರುತ್ತದೆ. ಲೆಕ್ಕದ ರೂಪ ಒಂದೇ. ಆದರೆ ಇಲ್ಲಿ ಒಟ್ಟಾಗುವುದು ವೇಗದಲ್ಲಿ. ಬೋಗುಣಿಯಲ್ಲಿ ಹಿಡಿದಿಟ್ಟದ್ದರಿಂದ ನಡುವಿಗೂ ಸೇರುತ್ತದೆ ಅನ್ನುವುದು ಎರಡನೇ ಮಾತು. 1995ರ ಆ ಪ್ರಸಿದ್ಧ ಚಿತ್ರದಲ್ಲಿ ನಡುವೆ ಎದ್ದು ನಿಂತ ಶಿಖರ ಕೂಡ ವೇಗದ ನಕ್ಷೆ.

ಮಂಜುಗಡ್ಡೆಯ ಪ್ರಶ್ನೆಗೆ ಇನ್ನೊಂದು ಅರ್ಧ ಉತ್ತರ ಬಾಕಿ ಉಂಟು. ಆ ಉಷ್ಣತೆಯಲ್ಲಿ ರುಬಿಡಿಯಂ ನ್ಯಾಯವಾಗಿ ಘನ ಲೋಹವೇ ಆಗಬೇಕು (39 ಡಿಗ್ರಿಗೇ ಕರಗುವ ಲೋಹ ಅದು, ನಮ್ಮ ಏಪ್ರಿಲಿನಲ್ಲಿ ಹೊರಗಿಟ್ಟರೆ ಅನುಮಾನ). ಆದರೆ ಎರಡು ಪರಮಾಣು ಅಂಟಿಕೊಳ್ಳಬೇಕಾದರೆ ಮೂರನೆಯದು ಅದೇ ಹೊತ್ತಿಗೆ ಅಲ್ಲಿಗೆ ಬಂದು ಹೆಚ್ಚಿನ ಶಕ್ತಿಯನ್ನು ಒಯ್ಯಬೇಕು. ಇಷ್ಟು ತೆಳುವಾದ ಅನಿಲದಲ್ಲಿ ಮೂವರು ಒಂದೇ ಕಡೆ ಸೇರುವುದು ಅಪರೂಪ. ಅದು ನಡೆಯುವುದರೊಳಗೆ ನಮಗೆ ಕೆಲವು ಸೆಕೆಂಡು, ಕೆಲವೊಮ್ಮೆ ನಿಮಿಷ, ಸಿಗುತ್ತದೆ. ಸಾಲ ಕೊಟ್ಟವನು ಬಂದು ಬಾಗಿಲು ತಟ್ಟುವುದರೊಳಗೆ ಮದುವೆ ಮುಗಿಸಿಕೊಂಡ ಹಾಗೆ.

ಮಂಜೇಶ್ವರದ_ಪದಕೋಶ
ಹಾಗಾದರೆ ನನ್ನ ಸೂಚನೆ: "ಬೋಸ್–ಐನ್‌ಸ್ಟೀನ್ ಒಗ್ಗೂಡಿಕೆ". ಪರೀಕ್ಷೆಯಲ್ಲಿ ಸಾಂದ್ರೀಕರಣ ಎಂದೇ ಬರೆಯಲಿ, ಅಂಕ ಹೋಗಬಾರದು. ಕ್ಲಾಸಿನಲ್ಲಿ ಒಗ್ಗೂಡಿಕೆ ಎನ್ನಿ.

ಗಡಿನಾಡ_ಟೀಚರ್
ಒಗ್ಗೂಡಿಕೆ ಚೆಂದ ಉಂಟು. ನಾಳೆಯೇ ಹೇಳುತ್ತೇನೆ.

ಪಿಂಚಣಿ_ಪೋಸ್ಟ್‌ಮಾಸ್ಟರ್
ಎಲ್ಲರೂ ಪರಮಾಣು ಪರಮಾಣು ಅನ್ನುತ್ತೀರಿ, ನನಗೆ ಕಾಗದದ ಮೇಲೆ ಕಣ್ಣು. 1924ರ ಜೂನ್ 4ರಂದು ಢಾಕಾದಿಂದ ಮೂವತ್ತು ವರ್ಷದ ಒಬ್ಬ ಅಧ್ಯಾಪಕ ಐನ್‌ಸ್ಟೀನರಿಗೆ ಒಂದು ಲೇಖನ ಸೇರಿಸಿ ಪತ್ರ ಹಾಕಿದರು. ಪರಿಚಯ ಇಲ್ಲ, ಶಿಫಾರಸು ಇಲ್ಲ. ಐನ್‌ಸ್ಟೀನ್ ಅದನ್ನು ಓದಿ, ತಾನೇ ಜರ್ಮನ್ ಭಾಷೆಗೆ ತಂದು, ಅಚ್ಚಾಗುವ ಹಾಗೆ ಮಾಡಿದರು. ಮೂವತ್ತಾರು ವರ್ಷ ನಾನು ಟಪಾಲು ಚೀಲ ನೋಡಿದವ. ಅದರಲ್ಲಿ ಇಂಥ ಒಂದು ಲಕೋಟೆಯೂ ಹೋಗಿರಬಹುದಾ ಅಂತ ಈಗ ಅನಿಸುವುದುಂಟು. ಒಟ್ಟಿನಲ್ಲಿ ಈ ಐದನೇ ಸ್ಥಿತಿಯನ್ನು ಬೋಸರು ಅಂದೇ ಹೇಳಿಬಿಟ್ಟಿದ್ದರು, ನೊಬೆಲ್ ಮಾತ್ರ ಕೊಡಲಿಲ್ಲ.

ರುಬಿಡಿಯಂ_ರಾತ್ರಿಪಾಳಿ
ಮಾವ, ಕಾಗದದ ಕಥೆ ಪೂರ್ತಿ ಸರಿ. ಕೊನೆಯ ಸಾಲಿಗೆ ಮಾತ್ರ ಒಂದು ತಿದ್ದುಪಡಿ. ಬೋಸರ ಲೇಖನ ಇದ್ದದ್ದು ಬೆಳಕಿನ ಬಗ್ಗೆ. ಒಂದರಂತೆ ಇನ್ನೊಂದು ಇರುವ ಕಣಗಳನ್ನು ಎಣಿಸುವ ಹೊಸ ಕ್ರಮ ಅದು: ಎರಡು ಫೋಟಾನುಗಳಿಗೆ ಒಂದು, ಎರಡು ಅಂತ ನಂಬರು ಹಚ್ಚಲು ಆಗುವುದಿಲ್ಲ ಎಂಬ ನೆಲೆಯಲ್ಲಿ ಎಣಿಸಿದರೆ, ಬಿಸಿ ವಸ್ತು ಸೂಸುವ ಬೆಳಕಿನ ಬಗೆಗಿನ ಪ್ಲಾಂಕರ ನಿಯಮ ತಾನಾಗಿ ಬರುತ್ತದೆ ಅಂತ ತೋರಿಸಿದರು. ಅದೇ ಎಣಿಕೆಯನ್ನು ಪರಮಾಣುಗಳ ಅನಿಲಕ್ಕೆ ಒಗ್ಗಿಸಿ, ತಂಪು ಮಾಡಿದರೆ ಒಂದು ಪಾಲು ಕೆಳಗೆ ಬಂದು ಕೂಡುತ್ತದೆ ಎಂದದ್ದು ಐನ್‌ಸ್ಟೀನ್, 1924–25ರಲ್ಲಿ. ಇದು ಬೋಸರಿಗೆ ಕಡಿಮೆ ಮಾಡುವ ಮಾತಲ್ಲ. ಜಗತ್ತಿನ ಅರ್ಧ ಕಣಗಳ ಜಾತಿಗೆ ಬೋಸಾನ್ ಎಂದು ಭೌತವಿಜ್ಞಾನಿ ಡಿರಾಕ್ ಹೆಸರಿಟ್ಟದ್ದೇ ಅವರ ಗೌರವಕ್ಕೆ.

ಪಿಂಚಣಿ_ಪೋಸ್ಟ್‌ಮಾಸ್ಟರ್
ಒಪ್ಪಿದೆ. ಆದರೂ ಕಾಗದ ಹಾಕಿದವರು ಅವರೇ.

ಪ್ಲಸ್‌ಟು_ಪಾಸ್
ಉಳಿದ ಅರ್ಧ ಕಣಗಳು? ಮತ್ತೆ ಜರ್ಮನಿಯಲ್ಲಿ −273.15 ದಾಟಿ ಕೆಳಗೆ ಹೋಗಿದ್ದಾರೆ ಅಂತ ಒಂದು ವಿಡಿಯೋ ನೋಡಿದೆ, ನಿಜವಾ?

ರುಬಿಡಿಯಂ_ರಾತ್ರಿಪಾಳಿ
ಉಳಿದ ಅರ್ಧ ಫರ್ಮಿಯಾನ್. ಅವು ಒಂದೇ ಸ್ಥಿತಿಯಲ್ಲಿ ಇಬ್ಬರು ಕೂರಲು ಒಪ್ಪುವುದಿಲ್ಲ. ಪರಮಾಣು ಯಾವ ಜಾತಿ ಅಂತ ತಿಳಿಯಲು ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ಮೂರನ್ನೂ ಕೂಡಿಸಿ. ರುಬಿಡಿಯಂ–87: 37, 50, 37, ಒಟ್ಟು 124, ಸಮಸಂಖ್ಯೆ, ಬೋಸಾನ್. ಪೊಟ್ಯಾಸಿಯಂ–40: 19, 21, 19, ಒಟ್ಟು 59, ಬೆಸ, ಫರ್ಮಿಯಾನ್. ಟೀಚರ್, ಇದನ್ನು ಮಕ್ಕಳಿಗೆ ಲೆಕ್ಕವಾಗಿ ಕೊಡಬಹುದು. ಆ ಪೊಟ್ಯಾಸಿಯಮ್ಮನ್ನು 1999ರಲ್ಲಿ ಅದೇ ಬೌಲ್ಡರ್‌ನಲ್ಲಿ ಡೆಬೊರಾ ಜಿನ್ ಮತ್ತು ಅವರ ವಿದ್ಯಾರ್ಥಿ ಬ್ರಯಾನ್ ಡಿಮಾರ್ಕೊ ತಂಪು ಮಾಡಿದರು. ಗಂಜಿ ಆರಬೇಕಾದರೆ ಕಣಗಳು ಡಿಕ್ಕಿ ಹೊಡೆಯಬೇಕಲ್ಲ, ಒಂದೇ ತರದ ಫರ್ಮಿಯಾನುಗಳು ಆ ತಂಪಿನಲ್ಲಿ ಡಿಕ್ಕಿಯನ್ನೇ ಹೊಡೆಯುವುದಿಲ್ಲ. ಜಿನ್ ಎರಡು ಬೇರೆ ಸ್ಪಿನ್ (ಕಣಗಳ ಒಂದು ಒಳಗುಣ) ಸ್ಥಿತಿಯ ಪರಮಾಣುಗಳನ್ನು ಬೆರೆಸಿ ಆ ಬಾಗಿಲು ತೆರೆದರು. 2016ರಲ್ಲಿ ತೀರಿಕೊಂಡರು, ವಯಸ್ಸು ಐವತ್ತೂ ಆಗಿರಲಿಲ್ಲ.

ಶೂನ್ಯದಿಂದ ಕೆಳಗೆ: 2013ರ ಮ್ಯೂನಿಕ್ ಪ್ರಯೋಗ ಅದು. ಋಣ ಉಷ್ಣತೆ ಎಂಬುದು ಲೆಕ್ಕದ ಚಿಹ್ನೆ, ವಸ್ತು ತಂಪಲ್ಲ. ಬೇರೆ ಯಾವುದಕ್ಕೆ ತಾಗಿಸಿದರೂ ಅದರಿಂದಲೇ ಶಕ್ತಿ ಆ ಕಡೆ ಹರಿಯುತ್ತದೆ. ವಿಡಿಯೋದವರಿಗೆ ತಲೆಬರಹ ಬೇಕಿತ್ತು.

ಗಡಿನಾಡ_ಟೀಚರ್
ಇವತ್ತು ಕ್ಲಾಸು ಮಾಡಿದೆ. ಕುಂಬಳೆಯ ರೈಲು ಎಲ್ಲರಿಗೂ ಹಿಡಿಯಿತು, ಗಂಜಿಗೆ ನಕ್ಕರು. ಆ ಹುಡುಗಿ ಮಾತ್ರ ಸುಮ್ಮನೆ ಕೇಳುತ್ತಾ ಇದ್ದು ಕೊನೆಗೆ, "ಪರಮಾಣು ನಿಂತರೆ ಕೆಳಗೆ ಬೀಳುವುದಿಲ್ಲವಾ ಟೀಚರ್?" ಅಂದಳು. ಈಗ ನಾನು ಮತ್ತೆ ನಿಮ್ಮ ಬಾಗಿಲಿಗೆ.

ರುಬಿಡಿಯಂ_ರಾತ್ರಿಪಾಳಿ
ಅವಳನ್ನು ನಮ್ಮ ಲ್ಯಾಬಿಗೆ ಕಳಿಸಿಬಿಡಿ!

ಬೀಳುತ್ತದೆ, ಕಲ್ಲು ಬಿದ್ದ ಹಾಗೆಯೇ. ಹಿಡಿತ ಬಿಟ್ಟ 20 ಮಿಲಿಸೆಕೆಂಡಿನಲ್ಲಿ 2 ಮಿಲಿಮೀಟರ್ ಕೆಳಗೆ. ಹೆಚ್ಚು ಹೊತ್ತು ನೋಡಬೇಕು ಅನ್ನುವವರಿಗೆ ಇದೇ ದೊಡ್ಡ ಕಾಟ. ಅದಕ್ಕೆ ಜರ್ಮನಿಯ ಬ್ರೆಮೆನ್‌ನಲ್ಲಿ ಇಡೀ ಉಪಕರಣವನ್ನೇ ಗೋಪುರದೊಳಗೆ ಬೀಳಿಸುತ್ತಾರೆ. ಎರಡೂ ಒಟ್ಟಿಗೆ ಬೀಳುವಾಗ ಅನಿಲ ತೇಲಿದ ಹಾಗೆ. 2021ರಲ್ಲಿ ಅಲ್ಲಿ 38 ಪೀಕೋಕೆಲ್ವಿನ್ (ಪೀಕೋ ಅಂದರೆ ನ್ಯಾನೋದ ಸಾವಿರದಲ್ಲೊಂದು ಪಾಲು) ವರೆಗೆ ಇಳಿಸಿದರು. ಅಂತರಿಕ್ಷ ನಿಲ್ದಾಣದಲ್ಲೂ 2018ರಿಂದ ಒಂದು ಶೀತ ಪರಮಾಣು ಪ್ರಯೋಗಾಲಯ ಉಂಟು.

ಆದರೆ ಬೀಳುವುದನ್ನೇ ಉಪಯೋಗ ಮಾಡಿಕೊಂಡವರೂ ಇದ್ದಾರೆ. ಬೀಳುವ ಪರಮಾಣುವಿನ ಅಲೆಯನ್ನು ಲೇಸರಿನಿಂದ ಎರಡಾಗಿ ಸೀಳಿ ಮತ್ತೆ ಸೇರಿಸಿದರೆ, ಕೆರೆಯ ಅಲೆಗಳ ಹಾಗೆ, ಸೇರುವ ರೀತಿಯಿಂದ ಭೂಮಿಯ ಸೆಳೆತ ಎಷ್ಟು ಅಂತ ಬಹಳ ಸೂಕ್ಷ್ಮವಾಗಿ ತಿಳಿಯುತ್ತದೆ. ಇದಕ್ಕೆ ಒಗ್ಗೂಡಿಕೆಯವರೆಗೆ ಹೋಗಬೇಕಂತಲೂ ಇಲ್ಲ, ಲೇಸರಿನ ತಂಪು ಸಾಕು. ಕಾಲಡಿಯಲ್ಲಿ ಪೊಳ್ಳು ಇದ್ದರೆ ಮಣ್ಣು ಕಡಿಮೆ, ಸೆಳೆತವೂ ಎಳ್ಳಷ್ಟು ಕಡಿಮೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಹೀಗೆ ನೆಲದಡಿಯ ಎರಡು ಮೀಟರ್ ಅಗಲದ ಒಂದು ಸುರಂಗವನ್ನು ಮೇಲಿನಿಂದಲೇ ಗುರುತಿಸಿ 2022ರಲ್ಲಿ ಪ್ರಕಟಿಸಿದರು.

ಸುರಂಗದ_ಮನೆ
ಈಗ ನನ್ನ ಹಕ್ಕು ಚಲಾಯಿಸುತ್ತೇನೆ. ಅಡಿಕೆ ರೇಟು ಬಿಡಿ. ನಮ್ಮ ಗುಡ್ಡದಲ್ಲಿ ಅಜ್ಜ ತೋಡಿಸಿದ ಎರಡು ಸುರಂಗ ಉಂಟು. ಒಂದರ ನೀರನ್ನೇ ನಾವು ಇವತ್ತಿಗೂ ಕುಡಿಯುವುದು, ಬೇಸಿಗೆಯಲ್ಲೂ ಬತ್ತಿದ್ದಿಲ್ಲ. ಇನ್ನೊಂದರ ಬಾಯಿ ಜರಿದು ಮುಚ್ಚಿ ನಲವತ್ತು ವರ್ಷ ಆಯಿತು, ಎಲ್ಲಿ ಅಂತ ಹೇಳುವವರು ಈಗ ಯಾರೂ ಇಲ್ಲ. ಅಜ್ಜಿ ಇದ್ದಾಗ ಹಲಸಿನ ಮರದ ನೇರಕ್ಕೆ ಅಂತಿದ್ದರು. ಆ ಹಲಸಿನ ಮರವೂ ಈಗ ಇಲ್ಲ. ನಿಮ್ಮ ಮಿಷನ್ ತಂದರೆ ಸಿಗ್ತದೆಯಾ? ತಮಾಷೆಗೆ ಅಲ್ಲ, ನಿಜವಾಗಿ ಕೇಳುವುದು.

ಮಂಜೇಶ್ವರದ_ಪದಕೋಶ
ಹೊರಗಿನ ಓದುಗರಿಗೆ: ನಮ್ಮಲ್ಲಿ ಸುರಂಗ ಎಂದರೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ಕೊರೆದ ಬಾವಿ. ಒಬ್ಬ ಆಳು ನಡೆದು ಹೋಗುವಷ್ಟೇ ಅಗಲ, ಕೊನೆಯಲ್ಲಿ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ.

ರುಬಿಡಿಯಂ_ರಾತ್ರಿಪಾಳಿ
ಭಾವ, ನಿನ್ನೆ ರಾತ್ರಿ ಪಂಪು ಓಡುತ್ತಿದ್ದ ಹೊತ್ತಿಗೆ ಲೆಕ್ಕ ಹಾಕಿದೆ. ಸುರಂಗದ ಬಾಯಿ ಸುಮಾರು ಒಂದು ಚದರ ಮೀಟರ್ ಅಂತ ಹಿಡಿದೆ, ಮುರಕಲ್ಲು ನೀರಿಗಿಂತ ಎರಡು ಪಟ್ಟು ಭಾರ. ಹತ್ತು ಮೀಟರ್ ಆಳದಲ್ಲಿ ಅದು ಇದ್ದರೆ ಮೇಲೆ ನಿಂತವನ ತೂಕದಲ್ಲಿ ಆಗುವ ವ್ಯತ್ಯಾಸ ನೂರು ಕೋಟಿಯಲ್ಲಿ ಮೂರು ಪಾಲು. ಒಳ್ಳೆಯ ಉಪಕರಣ ಅಲ್ಲಾಡದ ಕೋಣೆಯಲ್ಲಿ ಅಷ್ಟನ್ನು ಹಿಡಿಯಬಲ್ಲುದು. ಆದರೆ ನಿಮ್ಮ ಗುಡ್ಡ ಕೋಣೆ ಅಲ್ಲವಲ್ಲ. ಇಳಿಜಾರು, ಬಂಡೆ, ಪಕ್ಕದ ಕಣಿವೆ ಇವೆಲ್ಲದರ ಸೆಳೆತ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಒಂದೊಂದನ್ನೂ ಅಳೆದು ಕಳೆಯಬೇಕು. ಒಳಗೆ ಮಣ್ಣು ಜರಿದು ತುಂಬಿದ್ದರೆ ಪೊಳ್ಳೂ ಉಳಿದಿರುವುದಿಲ್ಲ. ಬಾಯಿಯ ಹತ್ತಿರ, ಎರಡು ಮೂರು ಮೀಟರ್ ಆಳ ಇರುವಲ್ಲಿ, ಪೊಳ್ಳು ಹಾಗೆಯೇ ಇದ್ದರೆ ಆಸೆ ಇಟ್ಟುಕೊಳ್ಳಬಹುದು.

ಸುರಂಗದ_ಮನೆ
ಬಾಯಿ ಎಲ್ಲಿ ಅಂತ ಗೊತ್ತಿದ್ದರೆ ಮಿಷನ್ ಯಾಕೆ ಮಾರಾಯ್ರೆ.

ಕಂಪ್ರೆಸರ್_ಅಣ್ಣ
😂😂

ಸುರಂಗದ_ಮನೆ
ಲೆಕ್ಕ ಹಾಕಿದ್ದಕ್ಕೆ ಉಪಕಾರ, ಅಷ್ಟು ದೂರದಲ್ಲಿ ಕೂತು ನಮ್ಮ ಗುಡ್ಡವನ್ನು ತೂಗಿ ನೋಡಿದಿರಿ. ನಾಡಿದ್ದು ಕಾಡು ಸವರಲು ಇಬ್ಬರು ಆಳು ಬರ್ತಾರೆ. ಕೆಳಗಿನ ತಟ್ಟಿನಲ್ಲಿ ಫೆಬ್ರವರಿಯಲ್ಲೂ ಹಸಿರಾಗಿ ಇರುವ ಕೆಸುವಿನ ಒಂದು ಹಿಂಡು ಉಂಟು, ಅಲ್ಲಿಂದ ಶುರು ಮಾಡಿಸುತ್ತೇನೆ.